ಘಟ್ಟದ ದಾರಿಯಲ್ಲಿ ಬ್ಯಾಟರಿಯ ಶಾಖದ ಜಮಾಖರ್ಚು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಪಾಠರೂಪವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ವರ್ಗದವರು ಕೇಳಿರುವರು. ನಾವು ಆರಿಸಿಕೊಂಡಿರುವ ವಿಷಯವು ಹೆಣ್ಣುಮಕ್ಕಳ ಶಾಲೆಗೆ ದೂರವಾದುದೆಂದು ಮೊದಲ ನೋಟಕ್ಕೆ ಕೆಲವರಿಗೆ ತೋರಬಹುದು. ಆದರೆ ಸಕಲೇಶಪುರ, ಆಲೂರು ಸೀಮೆಯ ಮನೆಗಳಲ್ಲಿ ಇಂದು ವಿದ್ಯುತ್ ಸ್ಕೂಟರು, ಮಳೆಗಾಲದ ದೀಪಕ್ಕೆಂದು ಇಟ್ಟ ಇನ್ವರ್ಟರು, ಕೈದೀಪ, ದೂರವಾಣಿ ಇವೆಲ್ಲವೂ ಲಿಥಿಯಂ ಅಯಾನ್ ಬ್ಯಾಟರಿಯಿಂದ ನಡೆಯುತ್ತಿವೆ. ಮನೆಯೊಳಗೆ ಸೇರಿದ ಮೇಲೆ ಅದು ಗೃಹಿಣಿಯ ವಿಷಯವೂ ಆಯಿತು, ವಿದ್ಯಾರ್ಥಿನಿಯ ವಿಷಯವೂ ಆಯಿತು.

ಈ ಪಾಠಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುವೆವು. ಮಾರ್ಚಿ ತಿಂಗಳ ಒಂದು ಅಪರಾಹ್ನ ನಮ್ಮ ಇಬ್ಬರು ಉಪಾಧ್ಯಾಯಿನಿಯರು ಪರೀಕ್ಷೆಯ ಕೆಲಸವನ್ನು ಮುಗಿಸಿಕೊಂಡು ಒಂದೇ ವಿದ್ಯುತ್ ಸ್ಕೂಟರಿನಲ್ಲಿ ಮನೆಗೆ ಹೊರಟರು. ವಾಹನವು ಬೆಳಗಿನಿಂದಲೂ ಶಾಲೆಯ ಅಂಗಳದ ಬಿಸಿಲಿನಲ್ಲಿಯೇ ನಿಂತಿತ್ತು. ಕಾಫಿ ತೋಟಗಳ ನಡುವಣ ಏರುದಾರಿಯಲ್ಲಿ ಸುಮಾರು ದೂರ ಹೋದ ಮೇಲೆ ಅದು ತಾನಾಗಿಯೇ ವೇಗವನ್ನು ಕಳೆದುಕೊಂಡು, ಕೆಂಪು ಗುರುತನ್ನು ತೋರಿಸಿ, ಮುಂದೆ ಹತ್ತಲಾರದೆ ಹೋಯಿತು. ಆ ದಾರಿಯಲ್ಲಿ ಆನೆಗಳ ಓಡಾಟವುಂಟೆಂಬುದು ಸುತ್ತಿನ ಎಲ್ಲರಿಗೂ ತಿಳಿದ ಮಾತು. ಅವರಿಬ್ಬರೂ ಹೊತ್ತು ಇಳಿಯುವುದನ್ನು ನೋಡುತ್ತ ದಾರಿಯ ಬದಿಯಲ್ಲಿ ನಿಂತ ಮುಕ್ಕಾಲು ಗಂಟೆಯು ನಮಗೆ ತಿಳಿದಾಗ ಎದೆ ನಡುಗಿತು. ಅಷ್ಟು ಹೊತ್ತು ಕಳೆದ ಮೇಲೆ ಸ್ಕೂಟರು ಏನೂ ಆಗದಂತೆ ಮತ್ತೆ ಹೊರಟಿತು. ಮರುದಿನ ದುರಸ್ತಿಯವನು ಪರೀಕ್ಷಿಸಿ ಯಾವ ಭಾಗವೂ ಕೆಟ್ಟಿಲ್ಲವೆಂದನು.

ಈ ಮಾತನ್ನು ಕೇಳಿದ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು, “ಅಮ್ಮಾ, ಕೆಡದಿದ್ದರೆ ನಿಂತದ್ದೇಕೆ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ನಾವು ಕಲಿತುದನ್ನೇ ಇಲ್ಲಿ ಬರೆದಿರುವೆವು.

೧. ಪೆಟ್ಟಿಗೆಯ ಒಳಗೆ ಏನಿದೆ

ಸ್ಕೂಟರಿನ ಬ್ಯಾಟರಿಯು ಒಂದೇ ವಸ್ತುವಲ್ಲ. ಅದು ಅನೇಕ ಚಿಕ್ಕ ವಿದ್ಯುತ್ಕೋಶಗಳನ್ನು ಒಟ್ಟಿಗೆ ಕಟ್ಟಿ ಪೆಟ್ಟಿಗೆಯಲ್ಲಿಟ್ಟ ಸಮೂಹ. ಒಂದೊಂದು ಕೋಶದಲ್ಲಿಯೂ ಎರಡು ಧ್ರುವಗಳು, ಅವುಗಳ ನಡುವೆ ತೆಳುವಾದ ರಂಧ್ರಮಯ ಪೊರೆ, ಇವನ್ನೆಲ್ಲ ನೆನೆಸಿರುವ ಒಂದು ದ್ರವ ಇರುತ್ತವೆ. ಬ್ಯಾಟರಿಯನ್ನು ಬಳಸುವಾಗ ಲಿಥಿಯಂ ಅಯಾನುಗಳು ಆ ದ್ರವದ ಮೂಲಕ ಒಂದು ಧ್ರುವದಿಂದ ಮತ್ತೊಂದಕ್ಕೆ ಸಾಗುತ್ತವೆ. ಚಾರ್ಜ್ ಮಾಡುವಾಗ ಹಿಂದಿರುಗುತ್ತವೆ. ಈ ದ್ರವವು ನೀರಿನಂತಹುದಲ್ಲ, ಹೊತ್ತಿಕೊಳ್ಳತಕ್ಕ ಪದಾರ್ಥವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಕೋಶದ ಚರಿತ್ರೆಯು ದೀರ್ಘವಾದುದಲ್ಲ. ೧೯೭೦ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬವರು ಇದರ ಮೂಲತತ್ತ್ವವನ್ನು ತೋರಿಸಿದರು. ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಎಂಬವರು ಕೋಬಾಲ್ಟ್ ಆಕ್ಸೈಡಿನ ಧನಧ್ರುವವನ್ನು ಕಂಡುಹಿಡಿದರು. ೧೯೮೫ರಲ್ಲಿ ಜಪಾನಿನ ಅಕಿರಾ ಯೋಶಿನೊ ಅದನ್ನು ಬಳಕೆಗೆ ಯೋಗ್ಯವಾಗುವಂತೆ ರೂಪಿಸಿದರು. ೧೯೯೧ರಲ್ಲಿ ಸೋನಿ ಸಂಸ್ಥೆಯು ಮಾರಾಟಕ್ಕಿಟ್ಟಿತು. ಈ ಮೂವರಿಗೂ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ೨೦೦೧ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಸೀಸದ ಬ್ಯಾಟರಿಯಿಂದ ಓಡುತ್ತಿತ್ತು. ಲಿಥಿಯಂ ಆ ಬಳಿಕ ಬಂದಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಮಂಡ್ಯ ಜಿಲ್ಲೆಯ ಮರಳಗಾಲದ ಶಿಲೆಗಳಲ್ಲಿ ಲಿಥಿಯಂ ಇರುವುದನ್ನು ಭೂಶೋಧಕರು ಗುರುತಿಸಿರುವರು.

೨. ಶಾಖವು ಹುಟ್ಟುವ ಬಗೆ

ಯಾವ ತಂತಿಯಲ್ಲಿಯೇ ಆಗಲಿ ವಿದ್ಯುತ್ಪ್ರವಾಹವು ಹರಿದರೆ ಶಾಖವು ಹುಟ್ಟುವುದೆಂಬುದನ್ನು ನಮ್ಮ ಹಿಂದಿನ ವಿದ್ಯಾರ್ಥಿನಿಯರು ಮರೆತಿರಲಾರರು. ಆ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದೆಂದು ೧೮೪೧ರಲ್ಲಿ ಜೂಲ್ ಎಂಬ ವಿಜ್ಞಾನಿಯು ಪ್ರಕಟಿಸಿದನು. ಬ್ಯಾಟರಿಯೊಳಗೂ ಪ್ರವಾಹಕ್ಕೆ ತಡೆಯುಂಟು. ಆದುದರಿಂದ ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು ಆಗುತ್ತದೆ. ಈ ಒಂದು ವಾಕ್ಯವನ್ನು ಹಿಡಿದುಕೊಂಡರೆ ಮುಂದಿನದೆಲ್ಲವೂ ಸುಲಭ.

ಇದರ ಜೊತೆಗೆ ಇನ್ನೊಂದು ಚಿಕ್ಕ ಬಾಬ್ತು ಇದೆ. ಅಯಾನುಗಳು ಧ್ರುವದೊಳಗೆ ಸೇರುವಾಗಲೂ ಹೊರಬರುವಾಗಲೂ ಸ್ವಲ್ಪ ಶಾಖವು ಹುಟ್ಟುವುದು ಇಲ್ಲವೆ ಹೀರಲ್ಪಡುವುದು. ಇದು ಚಾರ್ಜ್ ಆಗುವಾಗ ಒಂದು ಕಡೆಗೂ ಖಾಲಿಯಾಗುವಾಗ ಅದರ ವಿರುದ್ಧಕ್ಕೂ ತಿರುಗುತ್ತದೆ. ಈ ಎರಡು ಬಾಬ್ತುಗಳನ್ನೂ ಸೇರಿಸಿ ಬ್ಯಾಟರಿಯ ಶಾಖಕ್ಕೆ ಸಾಮಾನ್ಯ ಸಮೀಕರಣವನ್ನು ೧೯೮೫ರಲ್ಲಿ ಬರ್ನಾರ್ಡಿ, ಪಾವ್ಲಿಕೌಸ್ಕಿ, ನ್ಯೂಮನ್ ಎಂಬ ಮೂವರು ಪ್ರಕಟಿಸಿದರು. ಇಂದಿಗೂ ಈ ವಿಷಯದ ಲೆಕ್ಕಗಳಿಗೆ ಅದೇ ತಳಹದಿ. ನಮ್ಮ ಪಾಠಕ್ಕೆ ಎರಡನೆಯ ಬಾಬ್ತನ್ನು ಬಿಟ್ಟರೂ ಬಾಧಕವಿಲ್ಲ; ಏರುದಾರಿಯಲ್ಲಿ ಮೊದಲನೆಯದೇ ಹೆಚ್ಚಿನದು.

೩. ಜಮಾಖರ್ಚಿನ ನಿಯಮ

ಮುಚ್ಚಿದ ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಲು ಸಾಧ್ಯವಿಲ್ಲ. ಆದರೂ ಒಳಗಿನ ಸ್ಥಿತಿಯನ್ನು ಲೆಕ್ಕದಿಂದ ಅರಿಯಬಹುದು. ಹೀಗೆ ಅರಿಯುವ ಲೆಕ್ಕಕ್ಕೆ ಶಾಖದ ಗಣಿತ ಮಾದರಿಯೆಂದು ಹೆಸರು. ಹೆಸರು ದೊಡ್ಡದಾದರೂ ಅದು ಮನೆಯ ಜಮಾಖರ್ಚಿನ ಪುಸ್ತಕದಂತೆಯೇ ಇರುವುದು. ಹುಟ್ಟುವ ಶಾಖವು ಜಮಾ. ಪೆಟ್ಟಿಗೆಯ ಮೈಯಿಂದ ಗಾಳಿಗೆ ಹೋಗುವ ಶಾಖವು ಖರ್ಚು. ಉಳಿದುದು ಬ್ಯಾಟರಿಯ ತಾಪವನ್ನು ಏರಿಸುತ್ತದೆ. ಎಷ್ಟು ಡಿಗ್ರಿ ಏರಿಸುವುದೆಂಬುದು ಅದರ ತೂಕವನ್ನೂ ಶಾಖವನ್ನು ತಾಳುವ ಗುಣವನ್ನೂ ಅವಲಂಬಿಸಿದೆ. ಒಂದು ಕಿಲೋಗ್ರಾಂ ಲಿಥಿಯಂ ಕೋಶವನ್ನು ಒಂದು ಡಿಗ್ರಿ ಏರಿಸಲು ಸುಮಾರು ೧,೦೦೦ ಜೂಲ್ ಸಾಕು. ನೀರಿಗೆ ಇದರ ನಾಲ್ಕರಷ್ಟು ಬೇಕು.

ಖರ್ಚಿನ ನಿಯಮವು ನ್ಯೂಟನ್ನನ ಕಾಲದಿಂದಲೂ ತಿಳಿದುದು. ವಸ್ತುವು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುವುದೋ ಅಷ್ಟು ವೇಗವಾಗಿ ಶಾಖವನ್ನು ಕಳೆದುಕೊಳ್ಳುವುದು. ನಮ್ಮ ಬಾಲಿಕೆಯರು ಇದನ್ನು ತಾಮ್ರದ ಚೊಂಬಿನಲ್ಲಿ ಬಿಸಿನೀರನ್ನಿಟ್ಟು ಉಷ್ಣಮಾಪಕದಿಂದ ಪರೀಕ್ಷಿಸಿದರು. ಮೊದಲ ಹತ್ತು ನಿಮಿಷಗಳಲ್ಲಿ ಇಳಿದಷ್ಟು ತಾಪವು ಎರಡನೆಯ ಹತ್ತು ನಿಮಿಷಗಳಲ್ಲಿ ಇಳಿಯಲಿಲ್ಲ. ಅದೇ ಚೊಂಬನ್ನು ಕಿಟಕಿಯ ಗಾಳಿಗೆ ಇಟ್ಟಾಗ ಬೇಗನೆ ಆರಿತು. ಕಂಬಳಿಯನ್ನು ಸುತ್ತಿದಾಗ ಆರಲೊಲ್ಲದೆ ಹೋಯಿತು.

೪. ಒಂದು ಏರುದಾರಿಯ ಲೆಕ್ಕ

ಈಗ ಒಂದು ಲೆಕ್ಕವನ್ನು ಮಾಡೋಣ. ಇಲ್ಲಿನ ಅಂಕಿಗಳು ಪಾಠದ ಅನುಕೂಲಕ್ಕಾಗಿ ಆರಿಸಿದವು, ಯಾವ ತಯಾರಕರ ವಾಹನಕ್ಕೂ ಸೇರಿದವಲ್ಲ. ಬ್ಯಾಟರಿಯ ತೂಕ ೨೦ ಕಿಲೋಗ್ರಾಂ ಆಗಿರಲಿ. ಹಾಗಾದರೆ ಒಂದು ಡಿಗ್ರಿ ಏರಲು ೨೦,೦೦೦ ಜೂಲ್ ಬೇಕು. ಒಳತಡೆ ೦.೦೬ ಓಮ್ ಆಗಿರಲಿ. ವಾಹನವು ಚಲಿಸುತ್ತಿರುವಾಗ, ಗಾಳಿಗಿಂತ ಪೆಟ್ಟಿಗೆಯು ಹೆಚ್ಚಾಗಿರುವ ಪ್ರತಿ ಡಿಗ್ರಿಗೆ ೪ ವಾಟ್ ಶಾಖವು ಹೊರಗೆ ಹೋಗಲಿ.

ಸಮನೆಲದಲ್ಲಿ ಪ್ರವಾಹ ೨೦ ಆಂಪಿಯರ್. ಇದರ ವರ್ಗ ೪೦೦; ಅದನ್ನು ೦.೦೬ರಿಂದ ಗುಣಿಸಿದರೆ ಶಾಖ ೨೪ ವಾಟ್. ಪೆಟ್ಟಿಗೆಯು ಗಾಳಿಗಿಂತ ೬ ಡಿಗ್ರಿ ಹೆಚ್ಚಾದಾಗ ಖರ್ಚೂ ೨೪ ವಾಟ್ ಆಗುತ್ತದೆ. ಜಮಾಖರ್ಚು ಸರಿದೂಗಿತು, ತಾಪವು ಅಲ್ಲಿಯೇ ನಿಲ್ಲುವುದು.

ಈಗ ಏರು ಬಂದಿತು, ಹಿಂದೆ ಇನ್ನೊಬ್ಬರು ಕುಳಿತಿದ್ದಾರೆ. ಪ್ರವಾಹ ೬೦ ಆಂಪಿಯರ್ ಎನ್ನೋಣ. ಅದು ಮೂರರಷ್ಟಾದುದರಿಂದ ಶಾಖವು ಒಂಬತ್ತರಷ್ಟು, ಎಂದರೆ ೨೧೬ ವಾಟ್. ಇಪ್ಪತ್ತು ನಿಮಿಷದ ಏರನ್ನು ಐದೈದು ನಿಮಿಷಗಳಾಗಿ ಭಾಗಿಸಿ ಬರೆಯೋಣ. ಐದು ನಿಮಿಷಕ್ಕೆ ೩೦೦ ಸೆಕೆಂಡು.

ಮೊದಲ ಭಾಗ: ಜಮಾ ೨೧೬, ಖರ್ಚು ೨೪, ಉಳಿಕೆ ೧೯೨ ವಾಟ್, ಏರಿಕೆ ೨.೯ ಡಿಗ್ರಿ, ಗಾಳಿಗಿಂತ ೮.೯ ಹೆಚ್ಚು.
ಎರಡನೆಯ ಭಾಗ: ಜಮಾ ೨೧೬, ಖರ್ಚು ೩೬, ಉಳಿಕೆ ೧೮೦; ಏರಿಕೆ ೨.೭, ಗಾಳಿಗಿಂತ ೧೧.೬ ಹೆಚ್ಚು.
ಮೂರನೆಯ ಭಾಗ: ಜಮಾ ೨೧೬, ಖರ್ಚು ೪೬, ಉಳಿಕೆ ೧೭೦, ಏರಿಕೆ ೨.೫, ಗಾಳಿಗಿಂತ ೧೪.೧ ಹೆಚ್ಚು.
ನಾಲ್ಕನೆಯ ಭಾಗ: ಜಮಾ ೨೧೬, ಖರ್ಚು ೫೬, ಉಳಿಕೆ ೧೬೦, ಏರಿಕೆ ೨.೪, ಗಾಳಿಗಿಂತ ೧೬.೫ ಹೆಚ್ಚು.

ಕಾಲೇಜಿನ ಮೇಲ್ಮಟ್ಟದ ಗಣಿತದಿಂದ ಮಾಡಿದರೆ ೧೬.೨ ಬರುತ್ತದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟರಿಂದಲೇ ನಾವು ಅದರ ಸಮೀಪಕ್ಕೆ ಬಂದಿರುವೆವು. ಬ್ಯಾಟರಿಯ ಒಳಗಿನ ಕಾವಲು ಯಂತ್ರವು ತಾಪಮಾಪಕಗಳನ್ನು ನೋಡುತ್ತಲಿರುವುದು. ಮುಂದೇನಾಗುವುದೆಂದು ಮೊದಲೇ ತಿಳಿಯಬೇಕಾದಾಗ ಯಂತ್ರಶಿಲ್ಪಿಗಳು ಮಾಡುವ ಲೆಕ್ಕವೂ ಇದೇ ಜಾತಿಯದು, ಆದರೆ ಐದು ನಿಮಿಷಕ್ಕೊಮ್ಮೆಯಲ್ಲ, ಕ್ಷಣಕ್ಷಣಕ್ಕೂ.

ಡಿಸೆಂಬರಿನ ಬೆಳಗಿನಲ್ಲಿ ಗಾಳಿಯ ತಾಪ ೧೫ ಡಿಗ್ರಿ ಇದ್ದರೆ ಬ್ಯಾಟರಿಯು ಏರನ್ನು ಮುಗಿಸುವಾಗ ೩೧.೫ ಡಿಗ್ರಿಯಲ್ಲಿರುವುದು. ಬೇಸಗೆಯ ೩೨ ಡಿಗ್ರಿಯಲ್ಲಿ ೪೮.೫. ಇನ್ನು ನಮ್ಮ ಉಪಾಧ್ಯಾಯಿನಿಯರ ಸ್ಕೂಟರು ಬಿಸಿಲಿನಲ್ಲಿ ನಿಂತು ಹೊರಡುವಾಗಲೇ ಗಾಳಿಗಿಂತ ೧೨ ಡಿಗ್ರಿ ಹೆಚ್ಚಾಗಿತ್ತೆಂದು ಊಹಿಸಿ ಇದೇ ಪಟ್ಟಿಯನ್ನು ಬರೆದರೆ, ಕೊನೆಗೆ ೨೧.೨ ಹೆಚ್ಚು, ಎಂದರೆ ೫೩ ಡಿಗ್ರಿ ಬರುತ್ತದೆ. ಇಂತಹ ಬ್ಯಾಟರಿಗಳನ್ನು ಸಾಮಾನ್ಯವಾಗಿ ೬೦ ಡಿಗ್ರಿಯವರೆಗೆ ಮಾತ್ರ ಬಳಸತಕ್ಕದ್ದು. ಅದನ್ನು ಮುಟ್ಟುವ ಮೊದಲೇ ಕಾವಲು ಯಂತ್ರವು ಶಕ್ತಿಯನ್ನು ತಗ್ಗಿಸುವುದು. ಬಾಲಿಕೆಯ ಪ್ರಶ್ನೆಗೆ ಇದೇ ಉತ್ತರ: ಸ್ಕೂಟರು ಕೆಟ್ಟು ನಿಲ್ಲಲಿಲ್ಲ, ಕೆಡದಿರಲೆಂದು ನಿಂತಿತು. ಅದನ್ನು ನೆರಳಿನಲ್ಲಿ ನಿಲ್ಲಿಸಿದ್ದರೆ ನಮ್ಮವರು ಆ ದಾರಿಯಲ್ಲಿ ನಿಲ್ಲಬೇಕಾಗಿರಲಿಲ್ಲ.

೫. ಸರಾಸರಿಯಿಂದಾಗುವ ಮೋಸ

ಬಯಲುಸೀಮೆಯ ದಾರಿಗೂ ನಮ್ಮ ದಾರಿಗೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿಯ ಇಳಿಜಾರು ೫೦ಕ್ಕೆ ೧. ಅದೇ ಕಡಿದೆಂದು ಹೆಸರಾಗಿದೆ. ತೋಟದ ದಾರಿಗಳಲ್ಲಿ ಇದಕ್ಕಿಂತ ಕಡಿದಾದ ತಿರುವುಗಳು ಎಷ್ಟೋ ಇವೆ. ಅರ್ಧ ಗಂಟೆ ೨೦ ಆಂಪಿಯರ್, ಅರ್ಧ ಗಂಟೆ ೬೦ ಆಂಪಿಯರ್ ನಡೆದರೆ ಸರಾಸರಿ ೪೦. ಸರಾಸರಿಯ ವರ್ಗ ೧,೬೦೦. ಆದರೆ ನಿಜವಾದ ಶಾಖವು ೪೦೦ ಮತ್ತು ೩,೬೦೦ ಇವುಗಳ ಸರಾಸರಿ, ಎಂದರೆ ೨,೦೦೦ಕ್ಕೆ ಅನುಗುಣವಾಗಿರುವುದು. ಸರಾಸರಿಯನ್ನು ನಂಬಿದವನು ಶಾಖವನ್ನು ಐದರಲ್ಲಿ ಒಂದು ಪಾಲು ಕಡಿಮೆ ಎಣಿಸಿದನು. ಆದುದರಿಂದ ಸಮನೆಲದ ಓಟವನ್ನು ನೋಡಿ ಮಾಡಿದ ಲೆಕ್ಕವು ಏರಿಳಿತದ ನಾಡಿಗೆ ಹೊಂದದು. ಪ್ರವಾಹ, ಗಾಳಿಯ ತಾಪ, ವೇಗ, ಬ್ಯಾಟರಿಯ ವಯಸ್ಸು ಇವೆಲ್ಲವೂ ಬದಲಾಗುತ್ತಿರುವಾಗ ಲೆಕ್ಕವೂ ಅವುಗಳೊಡನೆ ಹೆಜ್ಜೆ ಹಾಕಬೇಕು. ಹಳೆಯ ಬ್ಯಾಟರಿಯ ಒಳತಡೆ ಹೆಚ್ಚು. ಚಳಿಯಲ್ಲಿಯೂ ತಡೆ ಹೆಚ್ಚು. ತಡೆ ಹೆಚ್ಚಿದಷ್ಟು ಅದೇ ಪ್ರವಾಹಕ್ಕೆ ಶಾಖವೂ ಹೆಚ್ಚು.

೬. ಕಡುಬಿನ ಪಾಠ

ಇಲ್ಲಿಯವರೆಗೆ ಬ್ಯಾಟರಿಯ ಎಲ್ಲ ಭಾಗಗಳೂ ಒಂದೇ ತಾಪದಲ್ಲಿವೆಯೆಂದು ಭಾವಿಸಿದೆವು. ಇದು ಪೂರ್ತಿ ನಿಜವಲ್ಲ. ಹಬೆಯಿಂದ ತೆಗೆದ ಅಕ್ಕಿಯ ಕಡುಬನ್ನು ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತಾದ ಮೇಲೆ ಮುಟ್ಟಿದರೆ ಹೊರಮೈ ಆರಿರುವುದು. ಮುರಿದು ಬಾಯಿಗೆ ಹಾಕಿದರೆ ನಾಲಿಗೆ ಸುಡುವುದು. ಬ್ಯಾಟರಿಯೂ ಹಾಗೆಯೇ. ನಡುವಣ ಕೋಶಗಳು ಅಂಚಿನವುಗಳಿಗಿಂತ ಬಿಸಿ. ಒಂದೊಂದು ಕೋಶದ ನಡುವೂ ಅದರ ಮೈಗಿಂತ ಬಿಸಿ. ಆದುದರಿಂದ ಸೂಕ್ಷ್ಮವಾದ ಮಾದರಿಗಳಲ್ಲಿ ನಡುವಿಗೆ ಒಂದು ಖಾತೆ, ಹೊರಮೈಗೆ ಒಂದು ಖಾತೆ ತೆರೆದು, ಒಂದರ ಖರ್ಚನ್ನು ಮತ್ತೊಂದರ ಜಮಾ ಮಾಡುವರು. ಪೆಟ್ಟಿಗೆಯನ್ನು ಕೈಯಿಂದ ಮುಟ್ಟಿ ‘ತಣ್ಣಗಿದೆ’ ಎನ್ನುವುದು ಪರೀಕ್ಷೆಯಲ್ಲವೆಂಬುದನ್ನು ಪೋಷಕರು ಗಮನಿಸಬೇಕು.

೭. ಇಳಿಜಾರಿನ ವಿಚಾರ

ಶಿರಾಡಿ ಘಟ್ಟವನ್ನು ವಿದ್ಯುತ್ ಕಾರಿನಲ್ಲಿ ಇಳಿಯುವವರು ಬ್ಯಾಟರಿಗೆ ವಿಶ್ರಾಂತಿಯೆಂದು ತಿಳಿಯುವುದುಂಟು. ಇಳಿಯುವಾಗ ಮೋಟಾರು ಡೈನಮೋ ಆಗಿ ಬ್ಯಾಟರಿಗೆ ಪ್ರವಾಹವನ್ನು ಹಿಂದಿರುಗಿಸುತ್ತದೆ. ೧,೫೦೦ ಕಿಲೋಗ್ರಾಂ ತೂಕದ ಕಾರು ೧೦೦ ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿಯು ಸುಮಾರು ೧೪.೭ ಲಕ್ಷ ಜೂಲ್, ಎಂದರೆ ೦.೪ ಯೂನಿಟ್. ಅದರಲ್ಲಿ ಒಂದು ಭಾಗವು ಬ್ಯಾಟರಿಗೆ ಸೇರುವುದು. ಪ್ರವಾಹದ ದಿಕ್ಕು ತಿರುಗಿದರೂ ಅದರ ವರ್ಗಕ್ಕೆ ದಿಕ್ಕಿಲ್ಲ. ಇಳಿಯುವಾಗಲೂ ಶಾಖವು ಹುಟ್ಟುತ್ತದೆ. ಬ್ಯಾಟರಿಯು ಮೊದಲೇ ಪೂರ್ತಿ ತುಂಬಿದ್ದರೆ ಈ ಶಕ್ತಿಯನ್ನು ಹಿಡಿಯಲಾರದು. ಆಗ ಎಲ್ಲ ಭಾರವೂ ಸಾಧಾರಣ ಬ್ರೇಕಿನ ಮೇಲೆ ಬೀಳುವುದು. ಘಟ್ಟದ ಮೇಲಿನ ಊರಿನಲ್ಲಿ ತುಂಬಿಸಿಕೊಂಡು ಕೆಳಗಿಳಿಯುವವರು ಬ್ಯಾಟರಿಯಲ್ಲಿ ಸ್ವಲ್ಪ ಸ್ಥಳವನ್ನು ಬಿಟ್ಟುಕೊಳ್ಳುವುದು ಲೇಸು.

೮. ರಾಶಿಯ ಅಪಾಯ

ಕೊಯ್ದ ಕಾಫಿ ಹಣ್ಣನ್ನು ಹರಡದೆ ದೊಡ್ಡ ರಾಶಿಯಾಗಿ ಬಿಟ್ಟರೆ ಒಳಗೆ ಬಿಸಿಯಾಗಿ ಕೆಡುವುದೆಂದು ತೋಟದ ಮನೆಯವರೆಲ್ಲರೂ ಬಲ್ಲರು. ರಾಶಿಯ ಒಡಲೆಲ್ಲ ಶಾಖವನ್ನು ಹುಟ್ಟಿಸುತ್ತದೆ. ಹೊರಗೆ ಬಿಡುವುದು ಮೈ ಮಾತ್ರ. ಬ್ಯಾಟರಿಯಲ್ಲಿ ಇದೇ ಸಂಗತಿಯು ಭಯಂಕರವಾದ ರೂಪವನ್ನು ತಾಳಬಲ್ಲುದು. ಕೋಶದ ತಾಪವು ಸುಮಾರು ೯೦ ಡಿಗ್ರಿಯ ಆಸುಪಾಸಿಗೆ ಏರಿದರೆ ಧ್ರುವದ ಮೇಲಿನ ರಕ್ಷಣೆಯ ಲೇಪವು ಒಡೆಯತೊಡಗಿ ತಾನೇ ಶಾಖವನ್ನು ಹುಟ್ಟಿಸುತ್ತದೆ. ಸುಮಾರು ೧೩೦ ಡಿಗ್ರಿಯಲ್ಲಿ ಪಾಲಿಥೀನಿನ ಪೊರೆಯು ಕರಗುತ್ತದೆ. ಬಳಿಕ ಎರಡು ಧ್ರುವಗಳೂ ತಾಗಿದರೆ ಜಮಾ ಎಂಬುದು ಖರ್ಚಿಗೆ ಸಿಕ್ಕದೆ ಓಡುವುದು. ಒಂದು ಕೋಶದ ಬೆಂಕಿಯು ಪಕ್ಕದ ಕೋಶಕ್ಕೆ ಹಬ್ಬುವುದು. ಪೆಟ್ಟುಬಿದ್ದ ಕೋಶ, ತಯಾರಿಕೆಯ ದೋಷ, ಹೊಂದದ ಚಾರ್ಜರು, ಒಳಗೆ ಸೇರಿದ ನೀರು ಇವು ಇಂತಹ ಅನಾಹುತಕ್ಕೆ ಬಾಗಿಲು ತೆರೆಯಬಲ್ಲವು. ಕಬ್ಬಿಣದ ಫಾಸ್ಫೇಟನ್ನು ಬಳಸಿದ ಕೋಶಗಳು ನಿಕ್ಕಲ್ ಬಳಸಿದವುಗಳಿಗಿಂತ ಶಾಖವನ್ನು ಹೆಚ್ಚು ತಾಳುತ್ತವೆ. ಆದರೆ ಯಾವುದೂ ನಿರಪಾಯವಲ್ಲ.

೨೦೨೨ರಲ್ಲಿ ನಮ್ಮ ದೇಶದ ಹಲವೆಡೆಗಳಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿ ಪ್ರಾಣಹಾನಿಯೂ ಆಯಿತು. ಕೇಂದ್ರ ಸರ್ಕಾರವು ತಜ್ಞರ ಸಮಿತಿಯನ್ನು ನೇಮಿಸಿ, ಬ್ಯಾಟರಿಗಳ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಅವು ೨೦೨೨ರ ಡಿಸೆಂಬರಿನಲ್ಲಿಯೂ ೨೦೨೩ರ ಮಾರ್ಚಿಯಲ್ಲಿಯೂ ಎರಡು ಹಂತಗಳಾಗಿ ಜಾರಿಗೆ ಬಂದವು. ಒಂದು ಕೋಶದಿಂದ ಮತ್ತೊಂದಕ್ಕೆ ತಾಪವು ಹರಡುವುದರ ಪರೀಕ್ಷೆಯೂ ಅವುಗಳಲ್ಲಿ ಸೇರಿತು.

೯. ನಮ್ಮ ತಪ್ಪು, ನಮ್ಮ ನಿಯಮ

ಈ ಲೆಕ್ಕವನ್ನು ಕಲಿತ ದಿನವೇ ನಮ್ಮದೊಂದು ತಪ್ಪು ನಮಗೆ ಕಂಡಿತು. ಉಪಾಧ್ಯಾಯಿನಿಯರು ಬೆಳಿಗ್ಗೆ ಬಂದೊಡನೆ ಸ್ಕೂಟರನ್ನು ವಿದ್ಯಾರ್ಥಿನಿಲಯದ ಮೆಟ್ಟಿಲ ಕೆಳಗೆ, ಹಳೆಯ ಕಾಗದದ ಕಟ್ಟುಗಳ ಪಕ್ಕದಲ್ಲಿ ಚಾರ್ಜಿಗೆ ಹಾಕಲು ನಾವೇ ಅನುಮತಿಯನ್ನು ಕೊಟ್ಟಿದ್ದೆವು. ಮೇಲಿನ ಅಂತಸ್ತಿನಲ್ಲಿ ಮಲಗುವ ಮಕ್ಕಳಿಗೆ ಕೆಳಗಿಳಿಯಲು ಇದ್ದುದು ಆ ಮೆಟ್ಟಿಲೊಂದೇ. ಇದನ್ನು ನೆನೆದಾಗ ನಮಗೆ ಬಂದ ನಾಚಿಕೆಯನ್ನು ಮುಚ್ಚಿಡಲಾರೆವು. ಅಂದೇ ಆ ಸ್ಥಳವನ್ನು ತೆರವು ಮಾಡಿಸಿ, ಅಂಗಳದ ಮೂಲೆಯ ತೆರೆದ ಚಪ್ಪರಕ್ಕೆ ಸ್ಥಳಾಂತರಿಸಿದೆವು.

ಇಂತಹ ಬ್ಯಾಟರಿಗಳನ್ನು ಸಾಮಾನ್ಯವಾಗಿ ೪೫ ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಬೇಸಗೆಯಲ್ಲಿ ೪೮.೫ ಡಿಗ್ರಿಯಲ್ಲಿ ಮನೆ ಸೇರಿದ ಬ್ಯಾಟರಿಯು ನಿಂತಲ್ಲಿ ಪ್ರತಿ ಡಿಗ್ರಿಗೆ ೩ ವಾಟ್ ಮಾತ್ರ ಬಿಡುವುದೆಂದು ಇಟ್ಟುಕೊಂಡು ಹತ್ತು ಹತ್ತು ನಿಮಿಷದ ಪಟ್ಟಿಯನ್ನು ಬರೆದರೆ, ಗಾಳಿಗಿಂತ ೧೬.೫ ಇದ್ದುದು ೧೫.೦, ೧೩.೭, ೧೨.೪ ಎಂದು ಇಳಿಯುವುದು. ೪೫ಕ್ಕೆ ಇಳಿಯಬೇಕಾದರೆ ೧೩ ಆಗಬೇಕು. ಎಂದರೆ ಅರ್ಧ ಗಂಟೆ. ನಮ್ಮ ಶಾಲೆಯ ನಿಯಮಗಳು ಈಗ ಹೀಗಿವೆ: ಬಂದ ಅರ್ಧ ಗಂಟೆಯ ಮೇಲೆ ಚಾರ್ಜ್, ನೆರಳಿನಲ್ಲಿ ನಿಲುಗಡೆ, ವಾಹನದೊಡನೆ ಬಂದ ಚಾರ್ಜರೇ ಹೊರತು ಬೇರೆಯದಲ್ಲ, ಮಲಗುವ ಕೋಣೆಯಲ್ಲಿ, ಮೆಟ್ಟಿಲ ಬಳಿ, ಬಾಗಿಲ ದಾರಿಯಲ್ಲಿ ಎಂದಿಗೂ ಇಲ್ಲ. ಪೆಟ್ಟಿಗೆಯು ಉಬ್ಬಿದರೆ, ವಿಚಿತ್ರ ವಾಸನೆ ಅಥವಾ ಹೊಗೆ ಬಂದರೆ, ಅದನ್ನು ಎತ್ತಲು ಹೋಗದೆ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ತಿಳಿಸಬೇಕು.

೧೦. ಅಭ್ಯಾಸ

ನಮ್ಮ ಹಿಂದಿನ ವಿದ್ಯಾರ್ಥಿನಿಯರು ತಮ್ಮ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೆಳಗಿನ ಲೆಕ್ಕಗಳನ್ನು ಮಾಡಿಸಲೆಂದು ಕೋರುತ್ತೇವೆ.

(ಅ) ಏರಿನ ನಡುವೆ, ಹತ್ತು ನಿಮಿಷದ ಬಳಿಕ ನೆರಳಿನಲ್ಲಿ ಹತ್ತು ನಿಮಿಷ ನಿಂತು ಮುಂದೆ ಹೋದರೆ ಕೊನೆಯ ತಾಪವು ಎಷ್ಟು ಕಡಿಮೆಯಾಗುವುದು?
(ಆ) ಬ್ಯಾಟರಿ ಹಳೆಯದಾಗಿ ಒಳತಡೆ ೦.೦೯ ಓಮ್ ಆದರೆ ಏರಿನಲ್ಲಿ ಹುಟ್ಟುವ ಶಾಖವೆಷ್ಟು?
(ಇ) ಪೆಟ್ಟಿಗೆಯ ಮೇಲೆ ಗೋಣಿಚೀಲವನ್ನು ಹೊದಿಸಿದರೆ ಪಟ್ಟಿಯ ಯಾವ ಅಂಕಿಯು ಬದಲಾಗುವುದು?

ಪ್ರಶ್ನೆಯನ್ನು ಕೇಳಿದ ಬಾಲಿಕೆಯು ಈ ಲೇಖನದ ಪಟ್ಟಿಗಳನ್ನು ನಮ್ಮೊಡನೆ ಕುಳಿತು ಬರೆದಳು. ಒಂದು ಕಡೆ ನಾವು ಮಾಡಿದ ಗುಣಾಕಾರದ ತಪ್ಪನ್ನು ಅವಳೇ ತಿದ್ದಿದಳು. ಗಣಿತವು ಹುಡುಗಿಯರಿಗೆ ಎಟುಕದೆಂದು ಇಂದಿಗೂ ಹೇಳುವ ಪೋಷಕರು ಯಾರಾದರೂ ಇದ್ದರೆ, ಅವರು ಒಂದು ಸಂಜೆ ನಮ್ಮ ಶಾಲೆಗೆ ಬಂದು ಆ ಪಟ್ಟಿಯನ್ನು ನೋಡಿಹೋಗಬೇಕೆಂದು ವಿನಂತಿಸಿ ಈ ಪಾಠವನ್ನು ಮುಗಿಸುವೆವು.